ಅಳೋರಿಗೆ ಕಿಟಕಿ ಸೀಟು

ಕೆಲವರಿಗೆ ಸೀರಿ ಹುಚ್ಚು, ಕೆಲವರಿಗೆ ಬಂಗಾರದ ಹುಚ್ಚು. ನನಗ ಹೊಸಾ ಹಾಡಿನ ಹುಚ್ಚು. ಹೊಸಾ ಹಾಡು ಅಂದ್ರ ಸಿನೆಮಾದ್ದಲ್ಲ ಮತ್ತ. ಯಾವುದೋ ಊರಾಗ ಯಾರೋ ಹುಡುಗ ಇಲ್ಲಾ ಹುಡುಗಿ ತಾವೇ ಬರದು, ತಾವೇ ಧಾಟಿ ಕೂಡಿಸಿ, ಮನಿ ಫ್ಯಾನಿನ ಸಪ್ಪಳದ ಸಮೇತ ಮೊಬೈಲಿನ್ಯಾಗ ರೆಕಾರ್ಡ್ ಮಾಡಿ ಇಂಟರ್ನೆಟ್ಟಿಗೆ ಹಾಕಿರ್ತಾರಲ್ಲ, ಅಂಥ ಜಾನಪದ ಧಾಟಿಯ ಹಾಡು. ಅವನ್ನ ಹುಡುಕಿ ಹುಡುಕಿ ಕೇಳೋದು ನನ್ನ ಚಟ. ಕೇಳಿದವರ ಲೆಕ್ಕ ತಗದ್ರ ಅರ್ಧಕ್ಕರ್ಧ ನಾನೇ ಇರ್ತಿದ್ದೆ.

ಹಾಡು ಕೇಳಿದ್ರ ಮನಸ್ಸು ಹಗುರಾಗ್ತದ ಅಂತಾರ. ನನಗ ಮಾತ್ರ ಒಂದೊಂದು ಹಾಡಿಗೆ ಒಂದೊಂದು ಫಜೀತಿ ಬರದಿಟ್ಟದ್ದು. ಮುಂಬಯಿ ಬಾಜೂ ಡೊಂಬಿವಲಿಯೊಳಗ ಸಂಸಾರ, ವಾಶಿಯೊಳಗ ನೌಕರಿ, ನಡುವ ಲೋಕಲ್ ಗಾಡಿ. ಫಜೀತಿ ಆಗ್ಲಿಕ್ಕೆ ಜಾಗಾ ಬೇಕಾದಷ್ಟಿತ್ತು. ಇರಲಾರದ್ದು ಅಂದ್ರ ಕೂಡ್ಲಿಕ್ಕೆ ಜಾಗಾ.

ಅಜ್ಜಿ ಹೋದ ದಿನ

ನಮ್ಮ ಮುಂಜಾನಿ ಗಾಡಿ ಕಲ್ಯಾಣದಾಗೇ ತುಂಬಿಕೊಂಡು ಬರ್ತಿತ್ತು. ಲೇಡೀಸ್ ಡಬ್ಬಿಯೊಳಗ ಒಂದು ಪದ್ಧತಿ ಅದ. ಹತ್ತಿದ ಕೂಡಲೇ, ಕೂತವರನ್ನ "ಎಲ್ಲಿ ಇಳಿಯೋರು?" ಅಂತ ಕೇಳಬೇಕು. ಥಾಣೆ ಅಂದಳೋ, ಥಾಣೆ ಬಂದ ಮ್ಯಾಲೆ ಆಕಿ ಸೀಟು ಕೇಳಿದಾಕಿದು. ಈ ಪದ್ಧತಿಯಿಂದ ಲೋಕಕ್ಕೆಲ್ಲ ಉಪಕಾರ ಆದ್ರೂ ನನಗ ಮೂರು ಕಾಸಿನ ಉಪಯೋಗ ಇರಲಿಲ್ಲ. ಯಾಕಂದ್ರ ವಾಶಿ ಗಾಡಿ ಹಿಡೀಲಿಕ್ಕೆ ನಾನೂ ಥಾಣೆಗೇ ಇಳೀಬೇಕು. ಆಕಿ ಎದ್ದಾಗ ನಾ ಇಳದಿರ್ತಿದ್ದೆ. ಹಿಂಗಾಗಿ ವರ್ಷಾನುಗಟ್ಟಲೆ ನಿಂತೇ ಹೋದಾಕಿ ನಾನು.

ಒಂದಿನ ಹಿಂಗ ನೇತಾಡಿಕೋತ ಕಿವಿಗೆ ಇಯರ್‌ಫೋನ್ ಸಿಗಿಸಿಕೊಂಡೆ. ಹಿಂದಿನ ದಿನ ಸಿಕ್ಕ ಹೊಸಾ ಹಾಡು. ಹಾಡಿದಾಕಿ ಒಬ್ಬಾಕಿ ಸಣ್ಣ ವಯಸ್ಸಿನ ಹುಡುಗಿ, ಹೆಸರು ಯಾರೂ ಕೇಳಿದ್ದಲ್ಲ. ಅಜ್ಜಿ ತೀರಿಕೊಂಡ ಮ್ಯಾಲೆ ಮೊಮ್ಮಗಳು ಊರಿಗೆ ಹೋಗ್ತಾಳ. ಬಾಗಲಿಗೆ ಕೀಲಿ. ಮುಂದ ಅಜ್ಜಿಯ ಬೆಕ್ಕು.

*ಬೀಗ ಹಾಕಿದ ಬಾಗಿಲ ಮುಂದೆ ಬೆಕ್ಕೊಂದು ಕೂತಿತ್ತು*
*ನನ್ನನು ಕಂಡು ಅಜ್ಜಿ ಎಲ್ಲೆಂದು ನನ್ನನೇ ಕೇಳಿತ್ತು*

ಅಷ್ಟೇ. ನನ್ನ ಕಣ್ಣಾಗಿಂದ ನಲ್ಲಿ ಬಿಟ್ಟಂಗ ನೀರು. ಎದುರಿಗೆ ಕೂತಾಕಿ ಗಾಬರಿಯಾಗಿ ಮರಾಠಿಯೊಳಗ "ಯಾರು ಹೋದ್ರು?" ಅಂತ ಕೇಳಿದ್ಲು. ನಾ ಬಿಕ್ಕಿಕೋತ ಖರೇನೇ ಹೇಳಿದೆ. "ಅಜ್ಜಿ."

ಮುಂದಿನದ್ದು ಏನು ಹೇಳ್ಲಿ. ಒಬ್ಬಾಕಿ ಎದ್ದು ಕಿಟಕಿ ಸೀಟು ಬಿಟ್ಲು. ಇನ್ನೊಬ್ಬಾಕಿ ನೀರಿನ ಬಾಟ್ಲಿ ಕೊಟ್ಲು. ಮತ್ತೊಬ್ಬಾಕಿ ಬೆನ್ನು ಸವರಿಕೋತ ಬಂದ್ಲು. ಗಾಳಿ ಬೀಸಲಿಕ್ಕೆ ಹತ್ತಿತು, ಮುಂಬ್ರಾದ ಗುಡ್ಡ ಕಂಡಿತು. ಅಷ್ಟು ವರ್ಷ ಆ ಗುಡ್ಡ ಅಲ್ಲೇ ಇತ್ತಂತ, ನನಗ ಗೊತ್ತೇ ಇರಲಿಲ್ಲ. ಥಾಣೆ ಬಂದಾಗ ಬೆನ್ನು ಸವರಿದಾಕಿ ಕೇಳಿದ್ಲು, "ಎಷ್ಟು ವಯಸ್ಸಾಗಿತ್ತು ಅವರಿಗೆ?" "ಹಾಡಿನ್ಯಾಗ ಹೇಳಿಲ್ಲ" ಅಂತ ಬಾಯಿಗೆ ಬಂದಿತ್ತು, ನುಂಗಿಕೊಂಡು ಇಳದೆ.

ಹಾಡು ಎಲ್ಲಿ ತನಕಾ?

ಗಾಡಿಯೊಳಗ ನನಗ ಒಬ್ಬಾಕಿ ಗೆಳತಿ ಇದ್ಲು. ಮರಾಠಿಯಾಕಿ, ಆಕಿನೂ ವಾಶಿಗೇ ಬರಾಕಿ. ಸೀಟು ಸಿಗಲಿ ಬಿಡಲಿ, ನಿಂತ ನಿಲುವಿನ್ಯಾಗ ಪ್ಲಾಸ್ಟಿಕ್ ಚೀಲದಾಗ ಕೈ ಹಾಕಿ ಬಟಾಣಿ ಸುಲೀತಿದ್ಲು. ಅದಕ್ಕ ಬಟಾಣಿ ಗೆಳತಿ ಅಂತೇ ಕರೀತೀನಿ. ನಾ ಅದೇ ವಾರದಾಗ ಮತ್ತ ಮತ್ತ ಅತ್ತದ್ದು ನೋಡಿ ಆಕಿಗೆ ಸಂಶಯ ಬಂತು. ಕಿವಿ ಹತ್ರ ಬಂದು, "ಖರೇ ಹೇಳು, ನಿನಗ ಎಷ್ಟು ಮಂದಿ ಅಜ್ಜಿ?" ಅಂದ್ಲು.

ನಾ ಒಂದು ಇಯರ್‌ಫೋನ್ ಆಕಿ ಕಿವಿಗೆ ತುರುಕಿದೆ. ಬೆಕ್ಕು ಏನು ಕೇಳಿತು ಅಂತ ಮರಾಠಿಯೊಳಗ ಹೇಳಿದೆ. ಆಕಿ ಬಟಾಣಿ ಸುಲಿಯೋದು ನಿಂತಿತು. ಕಣ್ಣೀರು ಚೀಲದಾಗ ಬೀಳಲಿಕ್ಕೆ ಹತ್ತಿತು. ಇಬ್ಬರು ಹೆಂಗಸರು ಹಿಂಗ ಒಂದೇ ವೈರಿಗೆ ಕಟ್ಟಿಕೊಂಡು ಅಳೋದು ನೋಡಿದ ಮಂದಿ, ಇಬ್ಬರಿಗೂ ಜಾಗಾ ಮಾಡಿದ್ರು.

ಅಲ್ಲಿಂದ ನಮ್ಮ ದಂಧೆ ಶುರು ಆತು. ನಾ ಹೊಸಾ ಹಾಡು ಹುಡುಕೋದು, ಗಾಡಿಯೊಳಗ ಪರೀಕ್ಷಾ ಮಾಡೋದು. ಹಾಡು ಚಲೋ ಅದನೋ ಇಲ್ಲೋ ಅನ್ನೋದು ಆಕಿಗೆ ಬೇಕಾಗಿರಲಿಲ್ಲ. ಆಕಿ ಕೇಳೋದು ಒಂದೇ ಮಾತು, "ಇದು ಎಲ್ಲಿ ತನಕಾ ನಿಂದರಸ್ತದ?" ಡೊಂಬಿವಲಿ ಬಿಟ್ರ ಕೋಪರ್, ಆಮ್ಯಾಲೆ ದಿವಾ, ಆಮ್ಯಾಲೆ ಮುಂಬ್ರಾ, ಹಿಂಗ ಸ್ಟೇಷನ್. ಬಾಣಂತಿ ತವರಿನಿಂದ ಹೊಂಡೋ ಹಾಡಿತ್ತು, ಅದು ದಿವಾ ಬರೋದ್ರೊಳಗ ಕೂಡಸ್ತಿತ್ತು. ಒಬ್ಬ ಹುಡುಗ ಎತ್ತು ಮಾರಿದ ಮ್ಯಾಲೆ ಹಾಡು ಕಟ್ಟಿದ್ದ, ಚಲೋ ಹಾಡು ಪಾಪ, ಆದ್ರ ಅಳು ತಡಾ ಮಾಡಿ ಬರ್ತಿತ್ತು, ಮುಂಬ್ರಾ ತನಕಾ ನಿಲ್ಲಬೇಕು. ಬೆಕ್ಕಿನ ಹಾಡು ಮಾತ್ರ ಕೋಪರ್ ಬರೋದ್ರಾಗ ಕಿಟಕಿ. ಪ್ರೇಮ ಮುರದು ಬಿದ್ದ ಹಾಡಿಗೆ ಸೀಟೇ ಇಲ್ಲ. ನಮ್ಮ ವಯಸ್ಸಿನವರು ಪ್ರೇಮಕ್ಕ ಅತ್ರ ಮಂದಿ ಜಾಗಾ ಕೊಡೂದಿಲ್ಲ, ನೋಡಿ ನಗತಾರ.

ಪಿಠಲ ಭಾತ

ಮನಿಯೊಳಗೂ ಈ ಬೆಕ್ಕು ನನ್ನನ್ನ ಬಿಡಲಿಲ್ಲ. ನಮ್ಮನಿಯವರು ಮೈಸೂರು ಕಡೆಯವರು, ಭಾಳ ಸಮಾಧಾನಿ. ಅವರು ಆಫೀಸಿನ ಗೆಳೆಯಾರ ಜೋಡಿ ತಿರುಪತಿಗೆ ಹೋಗಿದ್ರು. ಅವರು ವಾಪಸ್ ಬರೋ ಮುಂಜಾನೆ ನಾ ಕಣಕ ನಾದಿಕೋತ ಬೆಕ್ಕಿನ ಹಾಡು ದೊಡ್ಡದಾಗಿ ಹಚ್ಚಿದ್ದೆ. ಅಳು ಬಂತು. ಗ್ಯಾಸ್ ಆರಿಸಿ, ಬಾಗಲ ತೆರದು, ಗಾಳಿಗೆ ಹೊಸ್ತಿಲ ಹತ್ರ ಕೂತು ಸಮಾಧಾನ ಆಗೂ ತನಕಾ ಅತ್ತೆ. ಎದುರು ಬಾಗಲದ ಮರಾಠಿ ಕಾಕು ಇಣುಕಿ ನೋಡಿದ್ರು. ಅಷ್ಟರಾಗ ನಮ್ಮನಿಯವರು ಮೆಟ್ಟಲ ಹತ್ತಿ ಬಂದ್ರು. ತಲಿ ನುಣ್ಣಗ.

ಒಲಿ ಆರೇದ, ಹೆಂಡತಿ ಅಳಲಿಕ್ಕೆ ಹತ್ಯಾಳ, ಗಂಡ ತಲಿ ಬೋಳಿಸಿಕೊಂಡು ಬಂದಾನ. ಕಾಕು ಇನ್ನೇನು ತಿಳಕೋಬೇಕು. ಈ ಕಡೆ ಸಾವಿನ ಮನಿಯೊಳಗ ಒಲಿ ಹಚ್ಚೂದಿಲ್ಲ, ನೆರಿಯವರೇ ಪಿಠಲ ಭಾತ ಮಾಡಿ ತಂದು ಕೊಡ್ತಾರ. ಪಿಠಲ ಅಂದ್ರ ನಮ್ಮ ಝುಣಕದ ತಂಗಿ, ಕಡ್ಲಿ ಹಿಟ್ಟಿಂದು. ಸ್ವಲ್ಪ ಹೊತ್ತಿಗೆ ಕಾಕು ಮುಚ್ಚಿದ ಪಾತೇಲಿ ತಂದು ಸುಮ್ಮನ ಕಟ್ಟಿ ಮ್ಯಾಲೆ ಇಟ್ಟು, ನಮ್ಮನಿಯವರ ಮುಖಾ ನೋಡಿ, "ಗಟ್ಟಿ ಆಗ್ರಿ" ಅಂದು ಹೋದ್ರು.

ನಮ್ಮನಿಯವರು ತಿರುಪತಿ ಲಾಡು ಕೈಯಾಗ ಹಿಡಕೊಂಡು ನಿಂತಿದ್ರು. "ಏನಾಯ್ತು ಕಣೇ ಇವ್ರಿಗೆ?" ಅಂದ್ರು. ನಾ ಎಲ್ಲಾ ಹೇಳಿದೆ. ಹೋಗಿ ಖರೇ ಸಂಗತಿ ಹೇಳಿ ಬರ್ರಿ, ಪಾಪ, ಅಂದೆ. "ಹೇಳೋಣ, ಬಿಸಿ ಆರತ್ತೆ" ಅಂತ ಅವರು ಮೊದಲ ಊಟಕ್ಕ ಕೂತ್ರು. ಬೆಳ್ಳುಳ್ಳಿ ಒಗ್ಗರಣಿ, ಹಸಿಮೆಣಸಿನಕಾಯಿ, ಮ್ಯಾಲೆ ತುಪ್ಪ. ಪಾತೇಲಿ ಬಳದು ಊಟಾ ಮಾಡಿ, ಕೈ ತೊಳಕೊಂಡು ಬಂದು, ಆ ಸಮಾಧಾನಿ ಮನುಷ್ಯಾ ನನಗ ಹೇಳಿದ್ದು ಇಷ್ಟು. "ಸಂಜೆಗೂ ಯಾವುದಾದ್ರೂ ಹಾಡು ಹಾಕೇ."

ಯಾರ ಅಜ್ಜಿ?

ಇಷ್ಟೆಲ್ಲ ಆದ್ರೂ ಆ ಬೆಕ್ಕಿನ ಹಾಡಿನ ಹುಡುಗಿ ಯಾವ ಊರಾಕಿ ಅಂತ ನನಗ ಗೊತ್ತಿರಲಿಲ್ಲ. ಉಡುಪಿ ಕಡೆ ಯಾವುದೋ ಹಳ್ಳಿಯಾಗ ಬಾವಿ ಕಟ್ಟಿ ಮ್ಯಾಲೆ ಕೂತು ಹಾಡ್ತಾಳ ಅಂತ ನನ್ನ ಕಲ್ಪನಾ.

ಒಂದಿನ ಗಾಡಿ ವಿಪರೀತ ತುಂಬಿತ್ತು. ಬಟಾಣಿ ಗೆಳತಿ ಕಣ್ಣು ಸನ್ನಿ ಮಾಡಿದ್ಲು, ನಾ ಬೆಕ್ಕಿನ ಹಾಡು ಹಚ್ಚಿದೆ. ಕೋಪರ್ ದಾಟೋದ್ರಾಗ ಕಿಟಕಿಗೆ ಕೂತಿದ್ದ ಒಬ್ಬಾಕಿ ಹುಡುಗಿ ತಟ್ಟನ ಎದ್ದು ಹಿಂದಿಯೊಳಗ, "ಆಂಟಿ, ನೀವು ಕೂಡ್ರಿ. ಏನಾತು?" ಅಂದ್ಲು. ನಾ ರೂಢಿ ಪ್ರಕಾರ "ಅಜ್ಜಿ" ಅಂದೆ. ಹುಡುಗಿ ಕಣ್ಣಾಗೂ ನೀರು ಬಂತು. "ನನ್ನ ಅಜ್ಜಿನೂ ಹೋದ ವರ್ಷ ಹೋದ್ರು" ಅಂದ್ಲು. ನಾ ಕೂತೆ. ಆಕಿ ಮ್ಯಾಲಿನ ಹಿಡಿಕಿ ಹಿಡದು ನನ್ನ ತಲಿ ಮ್ಯಾಲೇ ನಿಂತ್ಲು.

ಮೊಬೈಲು ನನ್ನ ತೊಡಿ ಮ್ಯಾಲೆ. ಹಾಡು ಮುಗೀತು ಅಂತ ಮತ್ತ ಹಚ್ಚಲಿಕ್ಕೆ ಪರದೆ ಮುಟ್ಟಿದೆ. ನಾ ಎಂದೂ ಸರಿಯಾಗಿ ನೋಡಿರದ ಹಾಡಿದಾಕಿ ಮುಖಾ ದೊಡ್ಡದಾಗಿ ಬಂತು. ನಿಂತಿದ್ದ ಹುಡುಗಿ ಬಾಗಿ ನೋಡಿದ್ಲು. ಪರದೆ ನೋಡಿದ್ಲು, ನನ್ನ ನೋಡಿದ್ಲು. ಆಮ್ಯಾಲೆ ಮೆತ್ತಗ ಅಂದ್ಲು.

"ಆಂಟಿ, ಯೇ ತೋ ಮೇರೀ ಅಜ್ಜಿ ಹೈ."

ನೀವು ಅಳೋ ಅಜ್ಜಿ ನನ್ನ ಅಜ್ಜಿನೇ ಅಂತ; ಪರದೆ ಮ್ಯಾಲಿನ ಮುಖಾ, ಎದುರಿಗೆ ನಿಂತ ಮುಖಾ ಎರಡೂ ಒಂದೇ. ಬಟಾಣಿ ಗೆಳತಿ ಕೈಯಾಗಿನ ಚೀಲ ಬಿತ್ತು. ಡಬ್ಬಿ ತುಂಬ ಬಟಾಣಿ ಉಳ್ಳ್ಯಾಡಿದವು. ಆಕಿ ಅಜ್ಜಿಯನ್ನ ನಾ ಸಾಯಿಸಿ, ಆಕಿ ಹಾಡಿನಿಂದ ಅತ್ತು, ಆಕಿ ಸೀಟನ್ನೇ ಕಸಗೊಂಡಿದ್ದೆ. ಏಳಲಿಕ್ಕೆ ಹೋದ್ರ ಹುಡುಗಿ ಬಿಡಲಿಲ್ಲ. ನಗೋದು, ಅಳೋದು ಎರಡೂ ಕೂಡೇ ಮಾಡಿಕೋತ ನನ್ನ ಹೆಗಲು ಒತ್ತಿ ಕೂಡಿಸಿದ್ಲು. ಯಾರಾದ್ರೂ ಆಕಿ ಹಾಡಿಗೆ ಅಳೋದನ್ನ ಆಕಿ ಕಣ್ಣಾರೆ ಕಂಡಿದ್ದು ಅದೇ ಮೊದಲಂತ.

ಹುಡುಗಿ ಇರೋದು ಕಲ್ಯಾಣದಾಗ. ಹುಟ್ಟಿದ್ದೂ ಅಲ್ಲೇ. ಅಪ್ಪಂದು ಉಲ್ಹಾಸನಗರದಾಗ ಸಣ್ಣ ಹೋಟೆಲು. ಕನ್ನಡ ಹಾಡು ಬರೀತಾಳ, ಮಾತು ಮಾತ್ರ ಹಿಂದಿ. ಯಾಕವ್ವ ಹಿಂಗ ಅಂತ ಕೇಳಿದೆ. "ಕನ್ನಡ ಮಾತಾಡ್ತಿದ್ದದ್ದು ಊರಿನ ಅಜ್ಜಿ ಜೋಡಿ ಫೋನಿನ್ಯಾಗ ಮಾತ್ರ. ಮನ್ಯಾಗ ಅಪ್ಪನೂ ನನ್ನ ಜೋಡಿ ಹಿಂದಿನೇ. ಈಗ ಯಾರ ಜೋಡಿ ಆಡ್ಲಿ? ಅದಕ್ಕ ಹಾಡ್ತೀನಿ" ಅಂತ ಹಿಂದಿಯೊಳಗೇ ಹೇಳಿದ್ಲು. ನನಗ ಮತ್ತ ಅಳು ಬಂತು, ಆದ್ರ ಆಗಲೇ ಕೂತಿದ್ದೆ, ಆ ಅಳು ದಂಡ ಆತು.

ಎರಡು ಷರತ್ತು

ಆಕಿ ಥಾಣೆಗೆ ಹೊಂಟಿದ್ದು ಬ್ಯಾಂಕಿನ ಪರೀಕ್ಷಾದ ಕ್ಲಾಸಿಗೆ. ಅದು ಅಪ್ಪನ ಅಪ್ಪಣಿ. ಹಾಡು ಗೀಡು ಬಿಡು, ಬ್ಯಾಂಕು ಇಲ್ಲಾ ಹೋಟೆಲಿನ ಗಲ್ಲೆ, ಎರಡರಾಗ ಒಂದರ ಮುಂದ ಕೂಡು ಅಂತ. ಮಗಳ ಹಾಡು ಅವರು ಒಂದು ದಿನಾನೂ ಕೇಳಿರಲಿಲ್ಲ. ನಾ ನಮ್ಮ ಕನ್ನಡ ಸಂಘದ ಸಾಂಸ್ಕೃತಿಕ ಕಾರ್ಯದರ್ಶಿ. ಸುಮ್ಮನ ಇರೋದು ನನ್ನ ಜಾಯಮಾನ ಅಲ್ಲ. ಆ ರವಿವಾರನೇ ಅವರ ಹೋಟೆಲಿಗೆ ಹೋದೆ.

ಗಲ್ಲೆ ಮ್ಯಾಲೆ ಕೂತ ಅಪ್ಪ ಬಿಸಿ ಬಿಸಿ ಬನ್ಸ್ ತರಿಸಿ ನನ್ನ ಮಾತೆಲ್ಲ ಕೇಳಿದ್ರು. ಆಮೇಲೆ ಹೇಳಿದ್ರು, "ನೋಡಿ ಅಕ್ಕ, ಹಸಿದವರ ಮುಖ ನೋಡಿಯೇ ನಾನು ಬದುಕಿದ್ದು. ಹಸಿದವ ಹಾಡು ಕೇಳುದಿಲ್ಲ. ನಿಮ್ಮ ಸಂಘದಲ್ಲಿ ಹಾಡ್ಲಿ. ನಮ್ಮ ಜನ ಊಟಕ್ಕೆ ಏಳದೆ ಅವಳ ಪದ್ಯ ಪೂರ್ತಿ ಕೇಳಿದ್ರೆ ನಾನೇ ಅವಳ ಕ್ಲಾಸ್ ಬಿಡಿಸ್ತೇನೆ. ಒಬ್ಬ ಎದ್ರೂ ಹಾಡು ಬಂದ್. ಆಯ್ತಾ?"

ಆತು ಅಂತ ಅಂದು ಬಂದೆ. ಮೆಟ್ಟಲ ಇಳಿಯೂ ಮುಂದ, ಒಪ್ಪಬಾರದಿತ್ತು ಅನಿಸ್ತು. ಯಾಕಂದ್ರ ನಮ್ಮ ಸಂಘದ ಸಂಪ್ರದಾಯ ನನಗ ಗೊತ್ತಿತ್ತು. ವಾರ್ಷಿಕೋತ್ಸವದಾಗ ಊಟದ ಹಾಲಿನಿಂದ ತಾಟಿನ ಸಪ್ಪಳ ಕೇಳಿತೋ, ಸಭಾ ಪೂರಾ ಎದ್ದು ನಡೀತದ. ವಂದನಾರ್ಪಣೆ ಮಾಡೋರು ಪ್ರತಿ ವರ್ಷ ಖಾಲಿ ಕುರ್ಚಿಗೇ ವಂದಸ್ತಾರ. ಎಲ್ಲಾರಿಗಿಂತ ಮುಂದ ಅಧ್ಯಕ್ಷರು. ಅವರು ಬೆಂಗಳೂರಿನವರು, ದೊಡ್ಡ ಕಂಪನಿಯೊಳಗ ಹಣಕಾಸಿನ ಅಧಿಕಾರಿ. ಮೀಟಿಂಗಿಗೆ ತಡಾ ಮಾಡಿ ಬಂದ್ರೂ ಊಟಕ್ಕ ಒಂದಿನಾನೂ ಮಾಡಿದವರಲ್ಲ.

ಹುಡುಗಿ ಹೆಸರು ಹೇಳಿದಾಗ ಅವರು ಕನ್ನಡಕ ತಗದ್ರು. "ಮೇಡಂ, ಆರ್ಕೆಸ್ಟ್ರಾ ಫಿಕ್ಸ್ ಆಗಿದೆ. ಹೋದ ಸಲ ನೀವು ಒಬ್ಬ ಹೊಸ ಹುಡುಗನ್ನ ಕರ್ಕೊಂಡು ಬಂದಿದ್ರಿ, ನೆನಪಿದ್ಯಾ?" ನೆನಪಿತ್ತು. ಅಂವ ಏಕತಾರಿ ಹಿಡಕೊಂಡು ಭಾಳ ಚಲೋ ಹಾಡಿದ. ಜನ ಒಬ್ಬೊಬ್ಬರಾಗಿ ಎದ್ದು ಹೋದ್ರು. ಕಡೀಕ ಅಂವನೂ ಏಕತಾರಿ ಗ್ವಾಡಿಗೆ ಆನಿಸಿ ಪಂಕ್ತಿಗೆ ಬಂದು ಕೂತ. "ಆಯ್ತು, ಆರ್ಕೆಸ್ಟ್ರಾ ಮುಗಿದ ಮೇಲೆ, ಊಟಕ್ಕೆ ಮುಂಚೆ ಒಂದೆರಡು ಹಾಡು ಹಾಡ್ಲಿ" ಅಂದ್ರು ಅಧ್ಯಕ್ಷರು. ಉಪಕಾರ ಮಾಡಿದವರಂಗ ಹೇಳಿದ್ರು. ಅಲ್ಲಿಗೆ ಹುಡುಗಿ ಹಾಡು ಅನ್ನ ಸಾರಿನ ಎದುರಿಗೆ ನಿಂತಂಗಾತು.

ಊಟದ ಬಾಗಲ

ನಾನೂ ಕಡಿಮಿ ಇಲ್ಲ. ಬಟಾಣಿ ಗೆಳತಿಗೆ, "ನಿನ್ನ ಗಾಡಿ ಪಡಿ ಕರ್ಕೊಂಡು ಬಾ. ಮುಂದಿನ ಸಾಲಿನ್ಯಾಗ ಕೂಡ್ರಿ. ಆ ಹುಡುಗಿ ಬಾಯಿ ತಗದ ಕೂಡಲೇ ಅಳಲಿಕ್ಕೆ ಸುರು ಮಾಡ್ರಿ. ಮುಂದಿನವರು ಅತ್ರ ಹಿಂದಿನವರಿಗೆ ಏಳಲಿಕ್ಕೆ ನಾಚಿಗಿ ಆಗ್ತದ" ಅಂತ ಹೇಳಿದೆ. ಆಕಿ ತಂದಿದ್ದು ಒಂದು ಸಾಲು ಪೂರಾ. ಯಾರಿಗೂ ಕನ್ನಡದ ಗಂಧ ಇಲ್ಲ. ಕರವಸ್ತ್ರ ಮಾತ್ರ ಎಲ್ಲಾರ ಕೈಯಾಗೂ ಇತ್ತು.

ಆರ್ಕೆಸ್ಟ್ರಾ ಮುಗೀತು. ಹುಡುಗಿ ಬಂದು ನಿಂತ್ಲು. ಕಡೇ ಸಾಲಿನ್ಯಾಗ ಆಕಿ ಅಪ್ಪ ಕೈ ಕಟ್ಟಿಕೊಂಡು ಕೂತಿದ್ರು. ಮಂದಿ ಕಣ್ಣೆಲ್ಲ ಊಟದ ಬಾಗಲದ ಕಡೆ. ಅದನ್ನ ನೋಡಿ ಹುಡುಗಿ ಅಂಜಿದ್ಲು. ಅಳೋ ಹಾಡು ಈಗ ಬ್ಯಾಡ ಅಂತ ಆಕಿಗೆ ಅನಿಸಿತೋ ಏನೋ, ನನಗ ಹೇಳದ ಕೇಳದ ಬ್ಯಾರೆ ಹಾಡು ಎತ್ತಿಕೊಂಡ್ಲು. ಮದವಿ ಊಟದ ದಿನಾನೇ ಅತ್ತಿಯ ಹಲ್ಲಿನ ಸೆಟ್ಟು ಕಾಣೆಯಾದ ಹಾಡು.

ಅತ್ತಿ ಬೊಚ್ಚು ಬಾಯಿಲೆ ಸೊಸಿಯನ್ನ ಬೈಯೋ ಜಾಗಾ ಬಂತು. ಅದಕ್ಕ ಸರಿಯಾಗಿ ಮುಂದಿನ ಸಾಲು ಪೂರಾ ಹೋ ಅಂತ ಅಳಲಿಕ್ಕೆ ಹತ್ತಿತು. ಹಪ್ಪಳದ ಡಬ್ಬಿಯೊಳಗ ಹಲ್ಲು ಸಿಕ್ಕಾಗಂತೂ ಬಟಾಣಿ ಗೆಳತಿ ಬಾಜೂದಾಕಿ ಹೆಗಲ ಮ್ಯಾಲೆ ತಲಿ ಇಟ್ಟು ಬಿಕ್ಕಿದ್ಲು. ಸಭಾ ಮೊದಲ ಬೆರಗಾತು. ಆಮ್ಯಾಲೆ ಒಂದು ಮೂಲಿಯಿಂದ ನಗಿ ಎದ್ದು ಇಡೀ ಹಾಲಿಗೆ ಹಬ್ಬಿತು. ಮಂದಿ ನಕ್ಕಷ್ಟೂ ನಮ್ಮ ಸಾಲು ಛಲಾ ಹಿಡದು ಅತ್ತಿತು. ನಕ್ಕು ನಕ್ಕು ಹೊಟ್ಟಿ ಹಿಡಕೊಂಡವರಿಗೆ ಹಸಿವು ಮರತು ಹೋತು. ಬಟಾಣಿ ಗೆಳತಿ ಆಮ್ಯಾಲೆ ನನಗ ಹೇಳಿದ್ಲು, "ತಾಳ ಸ್ವಲ್ಪ ಜೋರ ಅದ ಅನಿಸ್ತು. ನಿಮ್ಮ ಕನ್ನಡದವರ ದುಃಖ ಹಿಂಗೇ ಇರ್ತದೇನೋ ಅಂದ್ಕೊಂಡೆ."

ಆ ನಗಿ ಅಡಗೋದ್ರಾಗ ಹುಡುಗಿ ಬೆಕ್ಕಿನ ಹಾಡು ಶುರು ಮಾಡಿದ್ಲು. ಇಡೀ ಸಭಾ ಮೆತ್ತಗಾತು. *ಬೀಗ ಹಾಕಿದ ಬಾಗಿಲ ಮುಂದೆ* ಅಂದಾಗ ಒಬ್ಬರೂ ಕೆಮ್ಮಲಿಲ್ಲ. ಸರಿಯಾಗಿ ಆವಾಗೇ ಊಟದ ಹಾಲಿನ್ಯಾಗ ತಾಟು ಇಳಿಸಿದ ಸಪ್ಪಳ ಕೇಳಿತು.

ಅಧ್ಯಕ್ಷರ ಕುತಗಿ ತಿರುಗಿತು. ಅವರು ಎದ್ರು. ಬೆನ್ನು ಬಾಗಿಸಿ, ತುದಿಗಾಲ ಮ್ಯಾಲೆ, ಬಾಗಲದ ಕಡೆ ನಡದ್ರು. ಅವರ ಹಿಂದಿನ ಸಾಲು ಕುರ್ಚಿಯಿಂದ ಅರ್ಧ ಎದ್ದಿತು. ಹುಡುಗಿ ದನಿ ನಡುಗಿತು. ಕಡೇ ಸಾಲಿನ್ಯಾಗ ಆಕಿ ಅಪ್ಪನೂ ಎದ್ರು. ಮುಗೀತು, ಅಂದ್ಕೊಂಡೆ.

ಅಪ್ಪ ಅಧ್ಯಕ್ಷರಿಗಿಂತ ಮೊದಲ ಬಾಗಲ ಮುಟ್ಟಿದ್ರು. ಮುಟ್ಟಿ, ಈ ಕಡೆ ತಿರುಗಿ, ಎರಡೂ ಕೈ ಚಾಚಿ ಚೌಕಟ್ಟು ಹಿಡದು ನಿಂತ್ರು.

"ಎಲ್ಲಿಗೆ?"

"ಕೈ ತೊಳ್ಕೊಳ್ಳೋಕೆ" ಅಂದ್ರು ಅಧ್ಯಕ್ಷರು.

"ಆಮೇಲೆ ತೊಳಿರಿ. ಕೂತ್ಕೊಳ್ಳಿ ಮಾರಾಯ್ರೆ. ಅದು ನನ್ನಮ್ಮನ ಬೆಕ್ಕು."

ಅಷ್ಟು ಅಂದವರ ಕಣ್ಣಾಗಿಂದ ನೀರು ಗಲ್ಲದ ಮ್ಯಾಲೆ ಇಳೀತಿತ್ತು, ಒರಸಿಕೊಳ್ಳಲಿಕ್ಕೆ ಕೈ ಖಾಲಿ ಇರಲಿಲ್ಲ. ಅಧ್ಯಕ್ಷರು ಹತ್ತಿರದ ಕುರ್ಚಿಯೊಳಗ ಗಪ್ಪಂತ ಕೂತ್ರು. ಅರ್ಧ ಎದ್ದವರು ಕೂತ್ರು. ಹುಡುಗಿ ಹಾಡು ಪೂರಾ ಮಾಡಿದ್ಲು. ಮುಗದ ಮ್ಯಾಲೂ ಒಬ್ಬರೂ ಏಳಲಿಲ್ಲ. ಅಡಗಿಯವರೇ ಬಂದು ಅನ್ನ ಆರಲಿಕ್ಕೆ ಹತ್ತೇದ್ರಿ ಅಂತ ಕರೀಬೇಕಾತು. ನಾನೂ ಅತ್ತೆ. ಬಹಳ ದಿನದ ಮ್ಯಾಲೆ ಸೀಟಿನ ಆಸೆ ಇಲ್ಲದ ಅತ್ತೆ.

ಪಂಕ್ತಿಯೊಳಗ ನಾ ಹುಡುಗಿ ಅಪ್ಪನ ಬಾಜೂ ಕೂತು ಕಾಡಿಸಿದೆ. "ಒಬ್ಬ ಎದ್ರೂ ಹಾಡು ಬಂದ್ ಅಂದಿದ್ರಿ. ನೀವೇ ಎದ್ರಲ್ಲ?" ಅವರು ಸಾರಿನ್ಯಾಗ ಅನ್ನ ಕಲಸಿಕೋತ, "ನಾನು ಊಟಕ್ಕೆ ಎದ್ದದ್ದಲ್ಲ ಅಕ್ಕ, ಊಟ ನಿಲ್ಲಿಸ್ಲಿಕ್ಕೆ ಎದ್ದದ್ದು. ನನ್ನ ಹೋಟೆಲು ಶುರುವಾದ ಮೇಲೆ ಇದೇ ಮೊದಲು" ಅಂದ್ರು. ಕ್ಲಾಸು ಆ ವಾರನೇ ಬಿಡಿಸಿದ್ರು.

ಕಡೀ ಫಜೀತಿ

ಎಲ್ಲಾ ಸುಖಾಂತ ಆತು ಅಂದ್ರ ನನ್ನ ಹಣೆಬರಹಕ್ಕ ಹ್ಯಾಂಗ ಸೇರ್ತದ.

ಬಟಾಣಿ ಗೆಳತಿ ಪಡಿ ಹಾಡನ್ನ ಮೊಬೈಲಿನಿಂದ ಮೊಬೈಲಿಗೆ ಹಂಚಿಬಿಟ್ಟಿತ್ತು, ಮರಾಠಿ ಅರ್ಥದ ಸಮೇತ. ಸ್ವಲ್ಪ ದಿನದಾಗ ನಮ್ಮ ಡಬ್ಬಿ ತುಂಬ ಬೆಕ್ಕು. ಕೂತವರ ಕಿವಿಯೊಳಗೂ ಅದೇ, ನಿಂತವರ ಕಿವಿಯೊಳಗೂ ಅದೇ. ಎಲ್ಲಾರೂ ಕಣ್ಣು ಒರಸಿಕೊಳ್ಳೋರೇ. ನಾನೂ ಅತ್ತೆ. ಯಾರೂ ಕಣ್ಣೆತ್ತಿ ನೋಡಲಿಲ್ಲ. ಒಬ್ಬಾಕಿ ಮಾತ್ರ, "ನಿಮ್ಮದೂ ಬೆಕ್ಕೇನು?" ಅಂತ ಕೇಳಿ ಮತ್ತ ತನ್ನ ಅಳು ಮುಂದುವರಿಸಿದ್ಲು. ಆ ಹುಡುಗಿ ಹಾಡು ಗೆದ್ದಿತ್ತು, ನನ್ನ ಸೀಟು ಹೋಗಿತ್ತು.

ಹುಡುಗಿ ಕಿಟಕಿಗೆ ಕೂತಿದ್ಲು, ಥಾಣೆಯೊಳಗ ಹಾಡು ರೆಕಾರ್ಡ್ ಮಾಡಲಿಕ್ಕೆ ಹೊಂಟಿದ್ಲು. "ಕೂಡ್ರಿ ಆಂಟಿ" ಅಂತ ಏಳಲಿಕ್ಕೆ ಬಂದ್ಲು. ನಿನ್ನ ಸೀಟು ಒಮ್ಮೆ ಕಸಗೊಂಡಿದ್ದೇ ಸಾಕವ್ವ, ಅಂದೆ. ಆಕಿ ತುಂಟತನದಲೆ ನಕ್ಕು ಮೊಬೈಲಿನಿಂದ ನನಗ ಏನೋ ಕಳಿಸಿದ್ಲು. ಹಚ್ಚಿ ಕೇಳಿದೆ. ಅತ್ತಿಯ ಹಲ್ಲಿನ ಸೆಟ್ಟು, ಹೊಸಾ ನುಡಿ ಸೇರಿಸಿದ್ದು. ಹಲ್ಲು ಈಗ ಬೀಗರ ತಾಟಿನ್ಯಾಗ.

ಅಳೋ ಮಂದಿ ನಡುವ ನಿಂತು ನಾ ಕಿಸಕ್ಕಂತ ನಕ್ಕೆ. ತಡಕೊಳ್ಳಲಿಕ್ಕೆ ಹೋದೆ, ಆಗಲಿಲ್ಲ. ಒಬ್ಬಾಕೇ ಕಂಬ ಹಿಡಕೊಂಡು, ಕಣ್ಣು ಮುಚ್ಚಿ, ಮೈ ಕುಲುಕಿಸಿ ನಕ್ಕೆ. ಬಾಜೂ ಬೆಂಚಿನ್ಯಾಗ ಕೂತಾಕಿ ಅಳೋದು ನಿಲ್ಲಿಸಿ, ಹುಚ್ಚಿಯನ್ನ ನೋಡಿದಂಗ ನನ್ನ ನೋಡಿದ್ಲು. ಮೆಲ್ಲಕ ಡಬ್ಬಿ ಚೀಲ ಎತ್ತಿಕೊಂಡು ಎದ್ದು ಬಾಗಲದ ಕಡೆ ಹೋದ್ಲು. ಆಕಿ ಮಗ್ಗಲದಾಕಿ ಆಕಿ ಹಿಂದ. ಮೂರನೇದಾಕಿ ಇಳಿಯೋ ಸ್ಟೇಷನ್ ಬರದಿದ್ರೂ ಎದ್ದು ನಿಂತ್ಲು.

ನಾ ಕಾಲು ಚಾಚಿ ಕೂತೆ. ಬಟಾಣಿ ಗೆಳತಿ ಸುತ್ತಲೂ ನೋಡಿ, ನನ್ನ ಕಿವಿ ಹತ್ರ ಬಾಗಿ ಪಿಸುಗುಟ್ಟಿದ್ಲು.

"ಇನ್ನೊಂಚೂರು ನಗು. ಎದುರಿನ ಬೆಂಚಿನ್ಯಾಗ ನನ್ನ ತಂಗಿಗೂ ಜಾಗಾ ಬೇಕಾಗೇದ."